ಬರೆಯದೆ ಬಿಟ್ಟ ಸುಳಿ

ಕುದುರೆಗೂ ಪಾಸ್‌ಪೋರ್ಟ್ ಇರುತ್ತದೆ ಎಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ನಗುತ್ತಾರೆ. "ಫೋಟೋಕ್ಕ ನಿಲ್ಲಿಸಿ, ಸ್ವಲ್ಪ ನಗು ಅಂತಾರೇನ್ರಿ?" ಎಂದು ನನ್ನ ಹೆಂಡತಿ ಕೇಳಿದ್ದಳು. ಫೋಟೋಗಿಂತ ಮುಖ್ಯವಾದದ್ದು ಅದರಲ್ಲಿರುವ ಒಂದು ಹಾಳೆ. ಅದರ ಮೇಲೆ ಕುದುರೆಯ ಬರಿಯ ಗೆರೆಚಿತ್ರ ಅಚ್ಚಾಗಿರುತ್ತದೆ: ಎಡಮೈ, ಬಲಮೈ, ಎದುರಿನಿಂದ ಮುಖ, ಹಿಂದಿನಿಂದ ಕಾಲು. ಮೈಮೇಲೆ ಬಿಳಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕೆಂಪು ಶಾಯಿ. ಕೂದಲು ತಿರುಗಿ ಸುಳಿಯಾದ ಕಡೆ ಕಪ್ಪು ಶಾಯಿಯಲ್ಲಿ ಒಂದು ಕತ್ತರಿ ಗುರುತು. ಮೈಬಣ್ಣ ವಯಸ್ಸಾದಂತೆ ಬದಲಾದೀತು, ಗಾಯದ ಕಲೆ ಮಾಸೀತು; ಸುಳಿ ಮಾತ್ರ ಹುಟ್ಟಿದಲ್ಲೇ ಇರುತ್ತದೆ. ನಮಗೆ ಹೆಬ್ಬೆಟ್ಟು ಹೇಗೋ ಕುದುರೆಗೆ ಸುಳಿ ಹಾಗೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಅಂಥದೊಂದು ಖಾಲಿ ಹಾಳೆ ಪುಣೆಯ ರೇಸ್‌ಕೋರ್ಸಿನ ನಮ್ಮ ಲಾಯಕ್ಕೆ ಬಂತು. ನಾನು ಆ ಲಾಯದ ಕಾರಕೂನ. ಮೇವಿನ ಲೆಕ್ಕದಿಂದ ಹಿಡಿದು ಬೆಳಗಿನ ಓಟದ ವೇಳೆಯವರೆಗೆ ಬರೆದಿಡುವುದೆಲ್ಲ ನನ್ನ ಕೆಲಸ. ಹಾಳೆ ಬಂದದ್ದು ಸರ್ಜಾನ ಸಲುವಾಗಿ.

ಸರ್ಜಾ ಎನ್ನುವುದು ಲಾಯದೊಳಗಿನ ಹೆಸರು. ರೇಸಿನ ಪುಸ್ತಕದಲ್ಲಿ ಅವನಿಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಕಂದು ಬಣ್ಣ, ಹಣೆಯಲ್ಲಿ ರೂಪಾಯಿಯಗಲದ ಬಿಳಿ ಚುಕ್ಕೆ. ಸಾವಿರ, ಸಾವಿರದಿನ್ನೂರು ಮೀಟರಿನ ಗಿಡ್ಡ ಓಟದಲ್ಲಿ ಆ ಎರಡು ವರ್ಷ ಅವನ ಮುಂದೆ ಹೋದ ಕುದುರೆ ಇಲ್ಲ. ಗೇಟು ತೆರೆದರೆ ಮುಗಿಯಿತು, ಉಳಿದವರಿಗೆ ಅವನ ಬಾಲವೇ ದರ್ಶನ. ಹಾಗಾಗಿ ಸಿಂಗಾಪುರದ ಒಂದು ದೊಡ್ಡ ಓಟಕ್ಕೆ ಕರೆ ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಆಶ್ಚರ್ಯವಾಗುವಂಥದು ಬೇರೆ ಇತ್ತು. ಸರ್ಜಾ ಓಡುವಾಗ ಅವನ ಎಡಕಿವಿ ಯಾವಾಗಲೂ ಹಿಂದಕ್ಕೆ ತಿರುಗಿರುತ್ತಿತ್ತು. ಬೆನ್ನಟ್ಟಿ ಬರುವ ಕುದುರೆಯ ಸದ್ದಿಗೆ ಕಿವಿ ತಿರುಗಿಸುವುದು ಸಹಜ. ಆದರೆ ಹತ್ತು ಮಾರು ಹಿಂದೆ ಯಾರೂ ಇಲ್ಲದಾಗಲೂ ಆ ಕಿವಿ ಯಾರದೋ ಮಾತು ಕೇಳುವಂತೆ ಹಿಂದೆಯೇ ಇರುತ್ತಿತ್ತು. ಒಮ್ಮೆ ಗೆದ್ದು ಬಂದ ಜಾಕಿ ಕೆಳಗಿಳಿಯುತ್ತಲೇ ನನ್ನನ್ನು ಕೇಳಿದ: "ಎರಡನೇದು ಯಾವುದು ಬಂತ್ರಿ? ಕೊನೀತನಕಾ ನನ್ನ ಮಗ್ಗಲಿಗೇ ಇತ್ತಲ್ಲ?" ಎರಡನೆಯದು ಐದು ಕುದುರೆಯುದ್ದ ಹಿಂದಿತ್ತು. ನಾನು ಹೇಳಿದೆ. ಅವನು ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡು ಹೊರಟುಹೋದ.

ಆ ಜುಲೈನಲ್ಲಿ ಅದು ನನ್ನ ಕಿವಿಗೂ ಬಿತ್ತು. ಬೆಳಕು ಹರಿದಿತ್ತು, ಆದರೆ ಮಂಜಿನಂಥ ಸೋನೆಯಲ್ಲಿ ಎದುರಿನ ಬೇಲಿಯ ಕಟಕಟೆಯೂ ಕಾಣುತ್ತಿರಲಿಲ್ಲ. ಸರ್ಜಾನನ್ನು ಒಬ್ಬನೇ ಓಡಿಸುವುದಿತ್ತು. ನಾನು ಕೊನೆಯ ನಾನೂರು ಮೀಟರಿನ ವೇಳೆ ಹಿಡಿಯಲು ಗೆಲುವಿನ ಕಂಬದ ಹತ್ತಿರ ನಿಂತಿದ್ದೆ. ಅವನು ಮಂಜಿನಿಂದ ಸಿಡಿದು ಬಂದು ಕಂಬ ದಾಟಿದ. ಗಡಿಯಾರ ಒತ್ತಿದೆ. ಆಮೇಲೆ, ಒಂದು ಉಸಿರಿನಷ್ಟು ತಡವಾಗಿ, ಇನ್ನೊಂದು ಸದ್ದು ನನ್ನ ಮುಂದೆಯೇ ಹಾದುಹೋಯಿತು. ಅವನದಕ್ಕಿಂತ ಮೆತ್ತಗಿನ ಸದ್ದು, ಹಸಿ ಹುಲ್ಲಿನ ಮೇಲೆ ದಬದಬ ದಬದಬ. ಕಾಣಿಸಿದ್ದು ಏನೂ ಇಲ್ಲ.

ನಮ್ಮ ತರಬೇತುದಾರರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಅವರಿಗೆ ಹೇಳಿದಾಗ ಚಹಾದಿಂದ ತಲೆಯನ್ನೂ ಎತ್ತದೆ, "ಎಕೋ ಹೈ, ಬಾಬಾ. ಸ್ಟ್ಯಾಂಡ್ ಖಾಲೀ ಹೈ ನಾ," ಎಂದರು. ಸರಿ, ಪ್ರತಿಧ್ವನಿ ಎಂದು ನಾನೂ ಒಪ್ಪಿಕೊಂಡೆ. ಆದರೆ ಸರ್ಜಾನನ್ನು ನೋಡಿಕೊಳ್ಳುವ ಸಾಯಿಸ್ ನನ್ನ ಮುಖ ನೋಡಿ ನಕ್ಕ. ವಿಜಾಪುರದ ಕಡೆಯವನು, ಅರವತ್ತರ ಹತ್ತಿರದ ಮುದುಕ, ಹುಟ್ಟಿದ ದಿನದಿಂದ ಸರ್ಜಾನ ಮೈ ತಿಕ್ಕಿದವನು. ಅವನನ್ನು ನಾನು ಕಾಕಾ ಎನ್ನುತ್ತಿದ್ದೆ.

"ಕೇಳಿದ್ರೇನು ರಾಯರ? ನಿಮ್ಮ ಕಿವಿ ಭಾಳ ತಡಾ ಮಾಡಿ ತೆರೀತು ನೋಡ್ರಿ."

ಸಿಂಗಾಪುರಕ್ಕೆ ಸರ್ಜಾನ ಸಂಗಡ ಹೋಗುವವನು ಅವನೇ. ಅವನ ಪಾಸ್‌ಪೋರ್ಟ್ ಆಗಲೇ ಬಂದಿತ್ತು; ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. "ನನ್ನ ಮೈಯಾಗಿನ ಸುಳಿ ಒಬ್ಬರೂ ಕೇಳಲಿಲ್ರಿ," ಎಂದು ಚೇಷ್ಟೆ ಮಾಡುತ್ತಿದ್ದ.

ಹೊರದೇಶಕ್ಕೆ ಕುದುರೆ ಕಳಿಸುವುದು ಸಾಮಾನು ಕಳಿಸಿದಂತಲ್ಲ. ಮೊದಲು ಗುರುತಿನ ಹಾಳೆ. ಆಮೇಲೆ ಉಳಿದ ಕುದುರೆಗಳಿಂದ ದೂರ, ನೊಣ ಬಾರದ ಜಾಲರಿ ಬಡಿದ ಬೇರೆ ಲಾಯದಲ್ಲಿ ವಾಸ. ಬಕೆಟ್ಟು, ಬ್ರಷ್ಷು, ಮೇವು ಎಲ್ಲ ಬೇರೆ. ಬೆಳಿಗ್ಗೆ ಸಂಜೆ ಜ್ವರ ನೋಡಿ ಬರೆಯಬೇಕು. ಎರಡು ಸಲ ರಕ್ತ ತೆಗೆಯಬೇಕು. ಅದಾದ ಮೇಲೂ ನೇರವಾಗಿ ಬಿಡುವುದಿಲ್ಲ. ನಡುವಿನ ಇನ್ನೊಂದು ದೇಶದಲ್ಲಿ ತಿಂಗಳುಗಟ್ಟಲೆ ಇದ್ದು ಮುಂದೆ ಹೋಗಬೇಕು.

ಹೊಸ ಹಾಳೆಯನ್ನು ಹೋಲಿಸಿ ನೋಡಲು ಸರ್ಜಾನ ಮರಿಗಾಲದ ಹಾಳೆಯ ನಕಲು ತರಿಸಿದೆ. ಲಕೋಟೆ ಒಡೆದಾಗ ನನ್ನ ಅಕ್ಷರವೇ ನನ್ನನ್ನು ನೋಡಿತು. ಹಣೆಯಲ್ಲಿ ಒಂದು ಕತ್ತರಿ ಗುರುತು, ಗಂಟಲಲ್ಲಿ ಒಂದು, ಬಲ ಪಕ್ಕೆಯಲ್ಲಿ ಒಂದು. ಒಟ್ಟು ಮೂರು. ಕುದುರೆಯ ಮೈಮೇಲೆ ಇದ್ದದ್ದು ನಾಲ್ಕು.

ಇದನ್ನು ಹೇಳಬೇಕಾದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ಆಗ ನಾನು ಪುಣೆ ಜಿಲ್ಲೆಯ ಕುರಕುಂಭದ ಆಚೆ, ಕುದುರೆ ಹುಟ್ಟಿಸಿ ಬೆಳೆಸುವ ಒಂದು ಫಾರ್ಮಿನಲ್ಲಿ ಕಾರಕೂನನಾಗಿದ್ದೆ. ಗಾಳಿ ತಿರುಗಿದರೆ ಕಾರ್ಖಾನೆಗಳ ಕಮಟು ವಾಸನೆ ಹುಲ್ಲಿನ ಮೇಲೂ ಕೂರುತ್ತಿತ್ತು. ಸರ್ಜಾ ಹುಟ್ಟಿದ ಮಧ್ಯಾಹ್ನವೇ ಅವನ ತಾಯಿ ಸತ್ತಳು. ರಕ್ತ ನಿಲ್ಲಲಿಲ್ಲ. ಮರಿ ಇನ್ನೂ ನಡುಗುವ ಕಾಲಿನಲ್ಲಿ ನಿಂತಿತ್ತು. ಆಕೆ ಕತ್ತು ಚಾಚಿ ಅದರ ಕುತ್ತಿಗೆಯನ್ನು ಒಂದೇ ಸಮ ನೆಕ್ಕುತ್ತ, ನೆಕ್ಕುತ್ತಲೇ ತಲೆ ಕೆಳಗಿಟ್ಟಳು. ಫಾರ್ಮಿನಲ್ಲಿ ಕೆಲಸಕ್ಕಿದ್ದ ಕಾಕಾ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ.

ಕೆಲವು ತಿಂಗಳಿಗೆ ಗುರುತಿನ ಹಾಳೆ ಬರೆಯಲು ಡಾಕ್ಟರು ಬಂದರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಅವರು ಮುಗಿಸಿ ಕೈ ತೊಳೆಯಲು ಹೋದಾಗ ನನ್ನ ಕಣ್ಣಿಗೆ ಬಿತ್ತು: ಎಡಗಡೆ, ಕುತ್ತಿಗೆ ಕೂದಲ ಬುಡದಲ್ಲಿ, ಹಿಂದಕ್ಕೆ ತಿರುಗಿದ ಒಂದು ಸುಳಿ. ತಾಯಿ ನೆಕ್ಕಿದ ಜಾಗ.

ನನ್ನ ಅಜ್ಜ ವಿಜಾಪುರದಲ್ಲಿ ಟಾಂಗಾ ಕುದುರೆ ಕೊಳ್ಳುವವರಿಗೆ ಸುಳಿ ನೋಡಿ ಹೇಳುತ್ತಿದ್ದ. ನಾನು ಮಾತು ಕಲಿತದ್ದೇ ಅವನ ಮಗ್ಗುಲಲ್ಲಿ ಕೂತು. ನಲವತ್ತು ಸುಳಿಗೆ ನಲವತ್ತು ಹೆಸರು ಹೇಳುತ್ತಿದ್ದ ಮುದುಕ ಈ ಒಂದಕ್ಕೆ ಮಾತ್ರ ಹೆಸರು ಹೇಳುತ್ತಿರಲಿಲ್ಲ. ಕುತ್ತಿಗೆಯ ಮೇಲೆ ಅಂಗೈ ಮುಚ್ಚಿ ಸುಮ್ಮನಾಗುತ್ತಿದ್ದ. ಇದು ಇದ್ದ ಕುದುರೆಯ ಹಿಂದೆ ಸತ್ತವರು ಯಾರಾದರೂ ಓಡುತ್ತಿರುತ್ತಾರೆ ಎಂದು ಅವನ ನಂಬಿಕೆ. "ಬಾಯಿಲೆ ಹೇಳಬಾರದು, ಗೆರಿ ಎಳದು ತೋರಿಸಬಾರದು. ತೋರಿಸಿದ್ರ ಹಿಂದ ಬರಾವ್ರು ಅಲ್ಲೇ ಕೈ ಬಿಡ್ತಾರ," ಎನ್ನುತ್ತಿದ್ದ.

ಅವತ್ತು ಕಾಕಾ ಕೂಡ ಹಾಗೇ ಅಂಗೈ ಮುಚ್ಚಿದ್ದ. "ಬರೀಬ್ಯಾಡ್ರಿ ರಾಯರ. ಬರದ್ರ ಇದನ್ನ ಯಾವ ಮಾಲಕನೂ ಕೊಳ್ಳೂದಿಲ್ಲ. ತಾಯಿ ಇಲ್ಲದ ಕೂಸು." ನಾನು ಪೆನ್ನಿನ ಟೊಪ್ಪಿಗೆ ಮುಚ್ಚಿದೆ. ಡಾಕ್ಟರು ಬಂದು ಸಹಿ ಹಾಕಿದರು. ಮರಿಯನ್ನು ಕೊಂಡವರು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲು ನಡೆಸುವ, ಉಡುಪಿ ಕಡೆಯ ಒಬ್ಬರು. ಕಾಕಾ ಮರಿಯ ಹಿಂದೆಯೇ ಹೋದ. ಮರುವರ್ಷ ಅದೇ ಲಾಯದಲ್ಲಿ ನನಗೂ ಕೆಲಸ ಸಿಕ್ಕಿತು.

ಈಗ ಪುಣೆಯಲ್ಲಿ ಮತ್ತೆ ಅದೇ ಆಟ. ಈ ಸಲದ ಡಾಕ್ಟರು ಒಬ್ಬ ಮರಾಠಿ ಹೆಂಗಸು, ಚುರುಕು ಕಣ್ಣಿನವರು. ಮುಖದಿಂದ ಶುರು ಮಾಡಿ ಒಂದೊಂದೇ ಅಂಗ ಹೇಳುತ್ತ ಬಂದರು. ಎಡ ಕುತ್ತಿಗೆಗೆ ಬಂದಾಗ ಕಾಕಾ ಕೂದಲನ್ನು ಆ ಕಡೆಗೆ ಇಳಿಬಿಟ್ಟು, ಕುದುರೆಯನ್ನು ಸಮಾಧಾನ ಮಾಡುವವನಂತೆ ಅದರ ಮೇಲೆ ಕೈ ಇಟ್ಟುಕೊಂಡಿದ್ದ. ಡಾಕ್ಟರು ಮುಂದೆ ಹೋದರು. ನಾನು ಮೂರೇ ಗುರುತು ಹಾಕಿದೆ. ಹಳೆಯದಕ್ಕೂ ಹೊಸದಕ್ಕೂ ಸರಿಯಾಗಿ ತಾಳೆಯಾಯಿತು. ಎರಡೂ ಸುಳ್ಳು.

ಸರ್ಜಾನನ್ನು ಬೇರೆ ಲಾಯಕ್ಕೆ ಹಾಕಿದೆವು. ಯಾರೂ ಕದ್ದು ಬಳಿ ಸುಳಿಯಬಾರದೆಂದು ಸುತ್ತ ಮರಳು ಹಾಸಿ, ಸಂಜೆ ಬೀಗ ಹಾಕುವ ಮುಂಚೆ ಕುಂಟೆಯಿಂದ ಗೀರು ಎಳೆದಿಡುವುದು ನಿಯಮ. ಬೆಳಿಗ್ಗೆ ನಾನು ಬಂದು ಗೀರು ಹಾಗೇ ಇವೆಯೇ ನೋಡಿ ಪುಸ್ತಕದಲ್ಲಿ ಬರೆಯಬೇಕು.

ನಾಲ್ಕನೆಯ ಬೆಳಿಗ್ಗೆ ಲಾಯದ ಹಿಂಗೋಡೆಯ ಹತ್ತಿರ ಗೊರಸಿನ ಹೆಜ್ಜೆಗಳಿದ್ದವು. ಕುಕ್ಕುರುಗಾಲಲ್ಲಿ ಕೂತು ನೋಡಿದೆ. ರೇಸ್‌ಕೋರ್ಸಿನಲ್ಲಿ ಲಾಳವಿಲ್ಲದ ಕುದುರೆ ಇರುವುದಿಲ್ಲ. ಈ ಹೆಜ್ಜೆಗೆ ಲಾಳವಿರಲಿಲ್ಲ. ಬರಿಗೊರಸು, ಅಗಲವಾಗಿ ಹರಡಿಕೊಂಡದ್ದು. ಮರಿ ಹಾಕಲೆಂದು ಫಾರ್ಮಿನಲ್ಲಿ ಬಿಟ್ಟ ಹೆಣ್ಣು ಕುದುರೆಗಳ ಲಾಳ ಕಿತ್ತಿರುತ್ತಾರೆ. ಅವುಗಳ ಹೆಜ್ಜೆ ಹೀಗಿರುತ್ತದೆ. ಗೋಡೆಯತನಕ ಬಂದ ಗುರುತಿತ್ತು. ಹೋದ ಗುರುತು ಇರಲಿಲ್ಲ.

ಗೋಡೆಯ ಒಳಮಗ್ಗಲಿಗೆ ಸರ್ಜಾ ತನ್ನ ಎಡ ಕುತ್ತಿಗೆ ಒತ್ತಿಕೊಂಡು ನಿಂತಿದ್ದ. ಕಣ್ಣು ಅರ್ಧ ಮುಚ್ಚಿತ್ತು. ಮೇವಿನ ತೊಟ್ಟಿ ಮುಟ್ಟಿರಲಿಲ್ಲ.

"ಮೋರಿ ಕಡೆಯಿಂದ ಯಾವುದಾದರೂ ತಟ್ಟು ಕುದುರೆ ಬಂದಿದ್ದೀತು, ಅರ್ಧ ಹೆಜ್ಜೆ ಮಳೆಗೆ ಅಳಿಸಿರಬೇಕು," ಎಂದರು ಸಾಹೇಬರು. ಇರಬಹುದು. ಬೇಲಿ ಎಲ್ಲೂ ಹರಿದಿರಲಿಲ್ಲ. ಮತ್ತೆ ಮೂರು ಬೆಳಿಗ್ಗೆ ಹಾಗೆಯೇ ಆಯಿತು. ಪುಸ್ತಕದಲ್ಲಿ "ತಟ್ಟುವಿನ ಹೆಜ್ಜೆ" ಎಂದು ಬರೆದೆ. ಸರ್ಜಾನಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಆದರೆ ಆ ಗೋಡೆ ಬಿಟ್ಟು ಬರುತ್ತಿರಲಿಲ್ಲ, ಪಕ್ಕೆಲುಬು ಕಾಣತೊಡಗಿತು.

ಎರಡನೆಯ ಸಲ ರಕ್ತ ತೆಗೆಯಲು ಬಂದ ಡಾಕ್ಟರು ಮಾತಿನ ನಡುವೆ ಒಂದು ಸಂಗತಿ ಹೇಳಿದರು. ಹಿಂದೊಮ್ಮೆ ಬೇರೆ ಊರಿನ ಒಂದು ಕುದುರೆ ಹೀಗೇ ಹೊರಟಿತ್ತಂತೆ. ನಡುವಿನ ದೇಶದಲ್ಲಿ ಇಳಿದ ಕೂಡಲೇ ಅಲ್ಲಿಯವರು ಬಾಲ, ಕುತ್ತಿಗೆ ಎಲ್ಲ ಕೂದಲೆತ್ತಿ ನೋಡಿದರು. ಹಾಳೆಯಲ್ಲಿಲ್ಲದ ಒಂದು ಸುಳಿ ಸಿಕ್ಕಿತು. ಮುಂದಿನ ದೇಶ ಒಳಗೆ ಬಿಡಲಿಲ್ಲ. ಈ ಕಾಗದ ಆ ಕುದುರೆಯದಲ್ಲ ಎಂದ ಮೇಲೆ ನಮ್ಮವರೂ ವಾಪಸು ಕರೆಸಿಕೊಳ್ಳುವ ಹಾಗಿರಲಿಲ್ಲ. "ವರ್ಷವಿಡೀ ಅಲ್ಲೇ ಒಂದು ಕೋಣೆಯಲ್ಲಿ ನಿಂತಿತ್ತು. ಕಾಗದದ ಪ್ರಕಾರ ಅದು ಯಾವ ಕುದುರೆಯೂ ಅಲ್ಲ," ಎಂದು ಸಿರಿಂಜಿನ ಸೂಜಿ ಮುರಿದು ಡಬ್ಬಿಗೆ ಹಾಕಿದರು.

ವಿಮಾನಕ್ಕೆ ಹನ್ನೆರಡು ದಿನ ಉಳಿದಿತ್ತು. ಆ ಮಧ್ಯಾಹ್ನವೇ ಕಾಕಾನನ್ನು ಹುಡುಕಿಕೊಂಡು ಹೋದೆ. ಜಾಲರಿಯ ಹೊರಗೆ ಕೂತು ಹುಲ್ಲಿನ ಕಡ್ಡಿ ಆರಿಸುತ್ತಿದ್ದ.

"ಕಾಕಾ, ನಾ ಬರೀತೀನಿ."

"ಏನ ಬರೀತೀರಿ?"

"ನಾಲ್ಕನೇದು."

ಅವನ ಕೈ ನಿಂತಿತು. "ನೀವು ಬರದ್ರ ಆಕಿ ಬಿಟ್ಟ ಹೋಗ್ತಾಳ್ರಿ."

"ಬರೀಲಿಲ್ಲಂದ್ರ ಇವನ್ನ ಯಾವ ದೇಶದಾಗೂ ಒಳಗ ಬಿಡೂದಿಲ್ಲ. ವರ್ಷಗಟ್ಟಲೆ ಒಂದ ಖೋಲ್ಯಾಗ ನಿಲ್ಲಬೇಕಾಗ್ತದ. ನೀವರೇ ಏನ ಮಾಡ್ತೀರಿ ಅಲ್ಲಿ?"

"ಹಂಗಾರ ಹೋಗೂದ ಬ್ಯಾಡ. ಇಲ್ಲೇ ಓಡ್ಲಿ."

"ಮಾಲಕರಿಗೆ ಏನಂತ ಹೇಳ್ಳಿ? ಸತ್ತ ತಾಯಿ ಗ್ವಾಡಿಗೆ ಬಂದು ನಿಲ್ತಾಳ ಅಂತ ಹೇಳ್ಳೇನು? ಮೇವು ಬಿಟ್ಟಾನ ಕಾಕಾ. ಹಿಂಗ ನಿಂತರ ಇಲ್ಲಿನೂ ಉಳಿಯೂದಿಲ್ಲ."

ಒಳಗೆ ಸರ್ಜಾ ಗೋಡೆಗೆ ಕುತ್ತಿಗೆ ಉಜ್ಜುವ ಸದ್ದು ಕೇಳುತ್ತಿತ್ತು. ಕಾಕಾ ಎದ್ದು ಧೋತರ ಕೊಡವಿ, "ಡಾಕ್ಟರ್ ಬಾಯಿಯವರನ್ನ ಕರೀರಿ," ಎಂದ. "ನಾನ ತೋರಿಸ್ತೀನಿ. ನಿಮ್ಮ ಕೈಲೆ ಆಗಬಾರದು."

ಮೊದಲು ಸಾಹೇಬರಿಗೆ ಒಪ್ಪಿಸಬೇಕಿತ್ತು. ಹಳೆಯ ಹಾಳೆ, ಹೊಸ ಹಾಳೆ, ಎರಡೂ ತಪ್ಪು, ಎರಡೂ ನನ್ನದೇ ಎಂದೆ. ಅವರು ಬಯ್ದದ್ದನ್ನು ಇಲ್ಲಿ ಬರೆಯಲಾಗದು. ನನ್ನ ಸಂಗಡ ಹೋಟೆಲಿನ ಮಾಲೀಕರ ಹತ್ತಿರವೂ ಬಂದರು. ಮಾಲೀಕರು ಗಲ್ಲಾದ ಮೇಲೆ ಕೂತೇ ಕೇಳಿಸಿಕೊಂಡರು.

"ಎಂಥ ಮಾರಾಯ್ರೆ ಇದು! ಒಂದು ಸುಳಿಗೆ ಇಷ್ಟೆಲ್ಲ ಉಂಟಾ? ನಾನು ಕಾವಲಿ ಮೇಲಿನ ದೋಸೆ ನೋಡಿ ಹೇಳ್ತೇನೆ, ಕುದುರೆ ಕುತ್ತಿಗೆ ನೋಡುವವನಲ್ಲ. ನೀವು ಆವತ್ತೇ ಬರೆದಿದ್ದರೆ ನಾನೇನು ಬಿಡ್ತಿದ್ದೆನಾ?" ಸ್ವಲ್ಪ ತಡೆದು, ದನಿ ಇಳಿಸಿ ಕೇಳಿದರು: "ಅಲ್ಲ, ಆ ಸುಳಿ ಇದ್ದರೆ ಎಂಥ ಆಗ್ತದೆ?"

"ಏನೂ ಆಗೂದಿಲ್ರಿ," ಎಂದೆ. ಬಾಯಿಂದ ಹೇಳಬಾರದೆಂಬ ಅಜ್ಜನ ಕಟ್ಟಳೆ ನಾಲಿಗೆಯಲ್ಲಿ ಇನ್ನೂ ಉಳಿದಿತ್ತು.

ಡಾಕ್ಟರು ಬಂದರು. ಕಾಕಾ ತಾನೇ ಕುತ್ತಿಗೆ ಕೂದಲೆತ್ತಿ, ಅವರ ಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟ. ಅವರು ನನ್ನ ಕಡೆ ಒಮ್ಮೆ ನೋಡಿದರು. "ಎಡ ಕುತ್ತಿಗೆ, ಮೇಲಂಚು, ಒಂದು," ಎಂದರು. ನಾನು ಕಪ್ಪು ಶಾಯಿಯಲ್ಲಿ ಎರಡು ಗೆರೆ ಎಳೆದೆ. ಎರಡನೆಯ ಗೆರೆ ಮುಗಿಯುತ್ತಿದ್ದಂತೆ ಸರ್ಜಾ ತಲೆ ಎತ್ತಿ, ಹಿಂಗೋಡೆಯ ಕಡೆ ತಿರುಗಿ ಒಮ್ಮೆ ಕೂಗಿದ. ಹಾಲು ಬಿಡಿಸಿದ ದಿನ ಮರಿಗಳು ಕೂಗುವ ಕೂಗು. ಬೆಳೆದ ಕುದುರೆಯ ಬಾಯಲ್ಲಿ ನಾನು ಅದನ್ನು ಮತ್ತೆ ಕೇಳಿಲ್ಲ.

ತಿದ್ದಿದ ಹಾಳೆ ಎಂದ ಮೇಲೆ ಸಂಶಯ ಬಂದೇ ಬರುತ್ತದೆ. ಇದು ಅದೇ ಕುದುರೆ ಹೌದೋ ಅಲ್ಲವೋ ಎಂದು ಅವನ ರಕ್ತವನ್ನು ತಾಯಿಯ ಹಳೆಯ ರಕ್ತದ ದಾಖಲೆಯ ಸಂಗಡ ಹೋಲಿಸಲು ಕಳಿಸಿದರು. ಅಷ್ಟರಲ್ಲಿ ವಿಮಾನ ಹೋಯಿತು, ಕರೆ ಬಂದಿದ್ದ ಓಟವೂ ಕೈತಪ್ಪಿತು. ಇನ್ನು ಮುಂದೆ ಗುರುತಿನ ಹಾಳೆಗೆ ಪೆನ್ನು ಮುಟ್ಟಿಸಬಾರದೆಂದು ನನಗೆ ಲಿಖಿತ ತಾಕೀತು ಬಂತು. ನ್ಯಾಯವಾದದ್ದೇ. ಐದು ವಾರದ ಮೇಲೆ ವರದಿ ಬಂತು: ಈ ಕುದುರೆ ಆ ಹೆಣ್ಣಿನ ಮಗನೇ. ಓದಿ ಹೇಳಿದಾಗ ಕಾಕಾ, "ಆಕೀನ ಕೇಳಿದ್ರ ಅವತ್ತ ಹೇಳ್ತಿದ್ಲು," ಎಂದ.

ಸರ್ಜಾ ಮಾತ್ರ ನಾಲ್ಕನೆಯ ಗುರುತು ಬಿದ್ದ ದಿನದಿಂದಲೇ ಮೇವು ತಿನ್ನತೊಡಗಿದ್ದ. ಗೋಡೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಮರಳಿನ ಗೀರು ಬೆಳಗಿನ ತನಕ ಹಾಗೇ ಇರುತ್ತಿದ್ದವು. ಮತ್ತೆ ಓಡಿಸಲು ಶುರು ಮಾಡಿದಾಗ ಎರಡೂ ಕಿವಿ ಮುಂದೆ. "ಅಬ್ ಬನಾ ಘೋಡಾ!" ಈಗ ನಿಜವಾದ ಕುದುರೆಯಾದ ಎಂದು ಸಾಹೇಬರು ಖುಷಿಪಟ್ಟರು. ನಾನೂ ಖುಷಿಪಟ್ಟೆ. ನಾನೂರು ಮೀಟರಿಗೆ ಒಂದು ಸೆಕೆಂಡು ಹೆಚ್ಚಾಗಿತ್ತು. ಇಷ್ಟು ದಿನ ನಿಂತ ಕುದುರೆ ಅಲ್ಲವೇ, ಬರುತ್ತದೆ ಎಂದರು. ಕಾಕಾ ಗಡಿಯಾರ ನೋಡಲಿಲ್ಲ. ಸರ್ಜಾ ಹಾದುಹೋದ ಮೇಲೂ ತಲೆ ಬಗ್ಗಿಸಿ ಹುಲ್ಲಿಗೆ ಕಿವಿಗೊಟ್ಟು ನಿಂತಿದ್ದ.

ಚಳಿಗಾಲದಲ್ಲಿ ರೇಸು ಮುಂಬಯಿಯಲ್ಲಿ, ಲಾಯವೂ ಅಲ್ಲಿಗೆ ಹೋಗುತ್ತದೆ; ಮರುವರ್ಷದ ಓಟಕ್ಕೆ ಮತ್ತೆ ಕರೆ ಬಂದು ಸರ್ಜಾ, ಕಾಕಾ ಇಬ್ಬರೂ ಅಲ್ಲಿಂದಲೇ ಹೊರಟರು. ನಡುವಿನ ದೇಶದಲ್ಲಿ ಕೂದಲೆತ್ತಿ ನೋಡಿದರಂತೆ. ನಾಲ್ಕಕ್ಕೆ ನಾಲ್ಕು ತಾಳೆಯಾಯಿತು, ದಾರಿ ಬಿಟ್ಟರು. ಮರುವರ್ಷದ ಜುಲೈ, ನಾವು ಮತ್ತೆ ಪುಣೆಯಲ್ಲಿದ್ದಾಗ, ಸಿಂಗಾಪುರದಲ್ಲಿ ಸರ್ಜಾ ಸಾವಿರದಿನ್ನೂರು ಮೀಟರು ಓಡಿದ. ಕಾಕಾ ಹೋಟೆಲಿನ ನಂಬರಿಗೆ ಫೋನು ಮಾಡುತ್ತೇನೆಂದಿದ್ದ. ನಾನು ಅಲ್ಲೇ ಕಾಯುತ್ತ ಕೂತಿದ್ದೆ. ಮಾಲೀಕರು ಮೊದಲು ಮಾತಾಡಿ, "ಹೋಗಲಿ ಬಿಡಿ," ಎಂದು ರಿಸೀವರು ನನಗೆ ಕೊಟ್ಟರು.

"ಏಳನೇದು ಬಂದಾನ್ರಿ ರಾಯರ."

"ಪೆಟ್ಟಗಿಟ್ಟ ಏನರೇ?"

"ಏನಿಲ್ಲ. ಛಲೋ ಅದಾನ. ಎರಡೂ ಕಿವಿ ಮುಂದ ಇಟ್ಟು, ಹೊಲಾ ನೋಡಕೋತ ಹೋಗಾವ್ರಂಗ ಓಡಿದಾ. ಅವಗ ಯಾಕ ಓಡಬೇಕನ್ನೂದ ಮರತಂಗ ಆಗ್ಯದ." ಲೈನು ಗರಗರ ಎಂದಿತು. ಆಮೇಲೆ ಅವನ ದನಿ, ಬಹಳ ದೂರದಿಂದ: "ಆಕಿ ಇಲ್ಲಿಗೆ ಬಂದಿಲ್ರಿ. ಅಲ್ಲೇ ಅದಾಳ. ಸ್ವಲ್ಪ ನೋಡ್ರಿ."

ಮರುದಿನ ಬೆಳಿಗ್ಗೆ ಎಂದಿನಂತೆ ಗಡಿಯಾರ ಹಿಡಿದು ಗೆಲುವಿನ ಕಂಬದ ಹತ್ತಿರ ಹೋದೆ. ಸೋನೆ, ಮಂಜು. ನಮ್ಮ ಕುದುರೆಗಳು ಇನ್ನೂ ಲಾಯದಿಂದ ಹೊರಟಿರಲಿಲ್ಲ. ಓಟದ ಹಾದಿ ಖಾಲಿ ಇತ್ತು. ಹುಲ್ಲಿನ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಆಗ ದೂರದಿಂದ, ನಾನೂರು ಮೀಟರಿನ ಕಂಬದ ಕಡೆಯಿಂದ, ಬರಿಗೊರಸಿನ ಆ ಮೆತ್ತಗಿನ ಸದ್ದು ಎದ್ದಿತು. ಇಷ್ಟು ವರ್ಷದ ರೂಢಿ, ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು. ಸದ್ದು ಬೆಳೆಯಿತು, ನನ್ನ ಮುಂದೆ ಹಾದುಹೋಯಿತು, ಮುಖಕ್ಕೆ ನಾಲ್ಕು ಹನಿ ನೀರು ಸಿಡಿಯಿತು. ಮತ್ತೆ ಒತ್ತಿದೆ. ಕಂಬ ದಾಟಿದ ಮೇಲೆ ಸದ್ದು ನಿಧಾನವಾಯಿತು, ನಿಂತಿತು, ಹಿಂದೆ ಮುಂದೆ ಓಡಾಡಿತು. ಯಾರನ್ನೋ ಹುಡುಕುವ ಹಾಗೆ.

ಗಡಿಯಾರ ನೋಡಿದೆ. ಹಳೆಯ ಸರ್ಜಾನ ವೇಳೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಪುಸ್ತಕ ಕಂಕುಳಲ್ಲೇ ಇತ್ತು, ಪೆನ್ನು ಜೇಬಿನಲ್ಲಿ. ತೆಗೆಯಲಿಲ್ಲ. ಗಡಿಯಾರವನ್ನು ಸೊನ್ನೆಗೆ ತಿರುಗಿಸಿ, ಆ ಸದ್ದು ಮಂಜಿನಲ್ಲಿ ಅಡಗುವತನಕ ಅಲ್ಲೇ ನಿಂತಿದ್ದೆ.